ಮಗಳು ರೈಲಿನಲ್ಲಿ ಸ್ಕಾರ್ಫ್ ತೆಗೆಯುತ್ತಾಳೆ, ಗೆಳತಿಯರಿಗೆ ಉಪವಾಸ ಅಂತ ಹೇಳುವುದಿಲ್ಲ. ನಾನೇನು ಮಾಡಲಿ?

ಪ್ರಶ್ನೆ: ನಾವು ಬಂಟ್ವಾಳ ಕಡೆಯ ಬ್ಯಾರಿಗಳು. ಮದುವೆಯಾದ ಮೇಲೆ ಮುಂಬೈಗೆ ಬಂದೆ, ಈಗ ಮೀರಾ ರೋಡಿನಲ್ಲಿದ್ದೇವೆ. ಗಂಡನದು ಸಣ್ಣ ವ್ಯಾಪಾರ. ಮಗಳಿಗೆ 16 ವರ್ಷ, ಚರ್ಚ್‌ಗೇಟ್ ಹತ್ತಿರದ ಕಾಲೇಜಿನಲ್ಲಿ ಹನ್ನೊಂದನೇ ತರಗತಿ ಕಾಮರ್ಸ್. ಓದಿನಲ್ಲಿ ಚುರುಕು. ಮನೆಯಿಂದ ಸ್ಕಾರ್ಫ್ ಕಟ್ಟಿಕೊಂಡೇ ಹೊರಡುತ್ತಾಳೆ. ಆದರೆ ಬೋರಿವಲಿ ಬರುವಷ್ಟರಲ್ಲಿ ತೆಗೆದು ಬ್ಯಾಗಿಗೆ ಹಾಕುತ್ತಾಳೆ ಅಂತ ನನ್ನ ನಾದಿನಿ ಕಣ್ಣಾರೆ ನೋಡಿ ಬಂದು ಹೇಳಿದಳು. ರಮಝಾನ್‌ನಲ್ಲಿ ಉಪವಾಸ ಇದ್ದಾಗ ಗೆಳತಿಯರ ಹತ್ತಿರ ‘ಅಸಿಡಿಟಿ, ಏನೂ ಬೇಡ’ ಅಂದಳಂತೆ. ಕ್ರಿಕೆಟ್ ಮ್ಯಾಚ್ ಮುಗಿದ ಮಾರನೇ ದಿನ ಕ್ಲಾಸಿನ ಹುಡುಗನೊಬ್ಬ ‘ನಿಮ್ಮ ಟೀಮ್ ಸೋತುಹೋಯ್ತಲ್ಲ’ ಅಂದಾಗ ಇವಳೂ ಎಲ್ಲರ ಜೊತೆ ನಕ್ಕಳಂತೆ. ಅಲ್ಲಿ ಹಾಗಿರುವವಳು ಮನೆಯಲ್ಲಿ ಮಾತ್ರ ‘ಅಲ್ಲಾಹ್ ಇದ್ದಾನೆ ಅಂತ ನಿಮಗೆ ಹೇಗೆ ಗೊತ್ತು ಉಮ್ಮಾ?’ ಅಂತ ಕೇಳುತ್ತಾಳೆ. ಅವಳ ಉಪ್ಪನಿಗೆ (ಅಪ್ಪನಿಗೆ) ಸಿಟ್ಟು. ಆ ಕಾಲೇಜು ಬಿಡಿಸಿ ಇಲ್ಲೇ ಹತ್ತಿರ ಎಲ್ಲಾದರೂ ಹಾಕೋಣ ಅನ್ನುತ್ತಾರೆ. ಊರಲ್ಲೇ ಬೆಳೆಸಿದ್ದರೆ ಹೀಗಾಗುತ್ತಿರಲಿಲ್ಲವೇನೋ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಉತ್ತರ: ಎಲ್ಲಕ್ಕಿಂತ ಮೊದಲು, ಕಾಲೇಜು ಬಿಡಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ವಾರವೇ ಮನೆಯಲ್ಲಿ ಆ ತೀರ್ಮಾನ ಆಗಿಬಿಡಬಹುದು ಅನ್ನುವ ಆತಂಕ ನಿಮ್ಮ ಪತ್ರದಲ್ಲಿ ಇದೆ, ಅದಕ್ಕೇ ಅವಸರದಿಂದ ಮೊದಲೇ ಬರೆದೆ. ಹಾಗೆಯೇ, ನಾದಿನಿ ನೋಡಿದ್ದನ್ನು ಮಗಳ ಮುಂದೆ ಸಾಕ್ಷಿ ಹೇಳುವ ಹಾಗೆ ಇಡಬೇಡಿ. ‘ನಿನ್ನನ್ನು ನೋಡಿದವರಿದ್ದಾರೆ’ ಅಂದರೆ ಅವಳು ನಾಳೆಯಿಂದ ಬೇರೆ ಡಬ್ಬಾ ಹತ್ತುತ್ತಾಳೆ, ಅಷ್ಟೇ. ಸ್ಕಾರ್ಫ್ ತಲೆಯ ಮೇಲೆ ಉಳಿಯುವುದಿಲ್ಲ, ನಿಮ್ಮ ಮೇಲಿನ ನಂಬಿಕೆಯೂ ಉಳಿಯುವುದಿಲ್ಲ.

ನಾನೂ ಬ್ಯಾರಿ ಮನೆಯಲ್ಲೇ ಬೆಳೆದವಳು. ಮುಂಬೈಯ ಜೂನಿಯರ್ ಕಾಲೇಜು ಮಕ್ಕಳಿಗೆ ಆಪ್ತಸಮಾಲೋಚಕಿಯಾಗಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮಗಳಂಥ ಹುಡುಗಿಯರೂ ಹುಡುಗರೂ ತುಂಬಾ ಜನ ನನ್ನ ಎದುರು ಕೂತು ಹೋಗಿದ್ದಾರೆ. ಅವರ ಬಗ್ಗೆ ಹೆತ್ತವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಎರಡು ಮುಖ ಇಟ್ಟುಕೊಂಡಿದ್ದಾಳೆ.’ ನನಗೆ ಹಾಗೆ ಕಾಣುವುದಿಲ್ಲ. ನನಗೆ ಕಾಣುವುದು ಸುಸ್ತಾದ ಮಗು.

ಯಾಕೆ ಸುಸ್ತು? ಕಾಲೇಜಿನಲ್ಲಿ ಅವಳು ಬರೀ ಅವಳಲ್ಲ. ಎಲ್ಲೋ ಬಾಂಬ್ ಸಿಡಿದರೆ, ಯಾವುದೋ ದೇಶದಲ್ಲಿ ಹೆಣ್ಣುಮಕ್ಕಳ ಶಾಲೆ ಮುಚ್ಚಿದರೆ, ಪಾಕಿಸ್ತಾನ ಮ್ಯಾಚ್ ಗೆದ್ದರೆ ಅಥವಾ ಸೋತರೆ, ಕ್ಲಾಸಿನ ಕಣ್ಣು ಒಂದು ಕ್ಷಣ ಅವಳ ಕಡೆ ತಿರುಗುತ್ತದೆ. ‘ನಿಮ್ಮಲ್ಲಿ ಹೀಗ್ಯಾಕೆ?’ ಅಂತ ಯಾರೋ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಆದರೆ ಹದಿನಾರು ವರ್ಷದ ಹುಡುಗಿ ಕೋಟಿಗಟ್ಟಲೆ ಜನರ ಪರವಾಗಿ ಉತ್ತರ ಕೊಡಬೇಕು. ಸಂಜೆ ಮನೆಗೆ ಬಂದರೆ ಇಲ್ಲೂ ಅವಳು ಬರೀ ಅವಳಲ್ಲ. ಇಲ್ಲಿ ಅವಳು ಮನೆತನದ ಮರ್ಯಾದೆ. ನಾದಿನಿ ಏನೆಂದಾರು, ಮಸೀದಿ ಕಮಿಟಿಯವರು ಏನೆಂದಾರು, ಮುಂದೆ ಸಂಬಂಧ ನೋಡಲು ಬರುವವರು ಏನೆಂದಾರು. ಅಲ್ಲಿ ಇಡೀ ಸಮುದಾಯದ ವಕೀಲೆ, ಇಲ್ಲಿ ಇಡೀ ಕುಟುಂಬದ ಮಾನ. ಸುಮ್ನೆ ಒಬ್ಬ ಹುಡುಗಿಯಾಗಿ, ತಲೆನೋವು ಬಂದರೆ ತಲೆನೋವು ಅಂತ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿಕೊಂಡು ಇರಲು ಅವಳಿಗೆ ಸಿಕ್ಕಿರುವ ಜಾಗ ಮೀರಾ ರೋಡ್‌ನಿಂದ ಚರ್ಚ್‌ಗೇಟಿನವರೆಗಿನ ಆ ಒಂದು ಗಂಟೆಯ ಲೋಕಲ್ ಮಾತ್ರ. ಸ್ಕಾರ್ಫ್ ಅಲ್ಲೇ ಕಳಚುತ್ತದೆ ಅಂದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಮನೆಯಲ್ಲೇ ಇರುವ ನಮಗೆ ಅದು ಬೇಗ ಹೊಳೆಯುವುದಿಲ್ಲ. ಅವಳ ಕಾಲೇಜಿನ ಮಕ್ಕಳು ‘ನಾವು ಧರ್ಮಗಿರ್ಮ ನೋಡಲ್ಲ’ ಅನ್ನುವವರು. ಅದು ನಿಜವೂ ಹೌದು, ಯಾರ ಟಿಫಿನ್‌ನಿಂದ ಯಾರು ಬೇಕಾದರೂ ತಿನ್ನುತ್ತಾರೆ. ಅದೇ ಮಕ್ಕಳು ಗಣಪತಿ ಬಂದರೆ ಸೊಸೈಟಿಯ ಪೆಂಡಾಲಿನಲ್ಲಿ ಕುಣಿಯುತ್ತಾರೆ, ವರ್ಗಣಿ (ಚಂದಾ) ಎತ್ತುತ್ತಾರೆ, ಕಾಲೇಜಿಗೆ ಮೋದಕ ತರುತ್ತಾರೆ. ಅದನ್ನು ಯಾರೂ ಧರ್ಮ ಅನ್ನುವುದಿಲ್ಲ, ಮುಂಬೈಯ ಸಂಸ್ಕೃತಿ ಅನ್ನುತ್ತಾರೆ. ನಿಮ್ಮ ಮಗಳು ಒಂದು ಲೋಟ ನೀರು ಬೇಡ ಅಂದರೆ ಮಾತ್ರ ಅದು ಧರ್ಮ. ಯಾರೂ ಬೇಕಂತ ಹೀಗೆ ಮಾಡುವುದಿಲ್ಲ. ಜಾಸ್ತಿ ಜನರ ರೂಢಿ ಗಾಳಿಯ ಹಾಗೆ, ಇದೆ ಅಂತಲೇ ಗೊತ್ತಾಗುವುದಿಲ್ಲ. ಕಡಿಮೆ ಜನರ ರೂಢಿ ಎದ್ದು ಕಾಣುತ್ತದೆ. ಈ ವಯಸ್ಸಿನಲ್ಲಿ ಎದ್ದು ಕಾಣುವುದಕ್ಕಿಂತ ದೊಡ್ಡ ಕಷ್ಟ ಬೇರೆ ಇಲ್ಲ. ಮೊಡವೆ ಎದ್ದರೇ ಕಾಲೇಜಿಗೆ ಹೋಗಲ್ಲ ಅನ್ನುವ ವಯಸ್ಸು ಅದು. ‘ಅಸಿಡಿಟಿ’ ಅನ್ನುವ ಸುಳ್ಳು ಹುಟ್ಟಿದ್ದು ಇಲ್ಲಿ. ಅವಳಿಗೆ ಉಪವಾಸದ ಬಗ್ಗೆ ನಾಚಿಕೆ ಇದ್ದಿದ್ದರೆ ಉಪವಾಸವನ್ನೇ ಬಿಡುತ್ತಿದ್ದಳು, ನಿಮಗೆ ಗೊತ್ತೂ ಆಗುತ್ತಿರಲಿಲ್ಲ. ಬಿಡಲಿಲ್ಲ, ಅಲ್ವಾ? ಗೆಳತಿಯರು ವಡಾಪಾವ್ ತಿನ್ನುವಾಗ ಪಕ್ಕದಲ್ಲಿ ನಿಂತು ಉಪವಾಸ ಹಿಡಿದಿದ್ದಾಳೆ. ಅವಳಿಗೆ ಬೇಡವಾಗಿದ್ದದ್ದು ಅದರ ಮೇಲಿನ ಪ್ರಶ್ನೋತ್ತರ ಮಾತ್ರ.

ಈಗ ಸ್ವಲ್ಪ ಕಷ್ಟದ ಮಾತು. ಮುಚ್ಚಿಡುವುದನ್ನು ಅವಳು ಕಾಲೇಜಿನಲ್ಲಿ ಕಲಿತಳು ಅಂತ ನಿಮಗೆ ಅನಿಸಿದೆ. ನಮ್ಮ ಮನೆಗಳಲ್ಲಿ ರಮಝಾನ್ ಹೇಗೆ ನಡೆಯುತ್ತದೆ, ನೆನಪಿಸಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಉಪವಾಸ ಇಲ್ಲ, ಬಿಟ್ಟದ್ದನ್ನು ಆಮೇಲೆ ಹಿಡಿದು ತೀರಿಸಬೇಕು. ಇದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೂ ಆ ದಿನಗಳಲ್ಲಿ ಹುಡುಗಿ ಬೆಳಗಿನ ಜಾವ ಎಲ್ಲರ ಜೊತೆ ಎದ್ದು ಸಹರಿಗೆ, ಅಂದರೆ ಉಪವಾಸ ಶುರುವಾಗುವ ಮೊದಲಿನ ಊಟಕ್ಕೆ, ಕೂರುತ್ತಾಳೆ. ಅಣ್ಣನಿಗೆ, ಉಪ್ಪನಿಗೆ ಗೊತ್ತಾಗಬಾರದು. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಒಂದಿಷ್ಟು ಮುಂದಕ್ಕೆ ಮಾಡಿ, ನಲ್ಲಿಯ ಸದ್ದು ಕೇಳದ ಹಾಗೆ ನೀರು ಹಿಡಿದು, ನಿಂತಲ್ಲೇ ಕುಡಿಯುತ್ತಾಳೆ. ತಟ್ಟೆ ತೊಳೆದು ಒರೆಸಿ ಇಡುತ್ತಾಳೆ. ಸಂಜೆ ಮತ್ತೆ ಎಲ್ಲರ ಜೊತೆ ಖರ್ಜೂರ ಹಿಡಿದು ಅಝಾನ್‌ಗೆ ಕಾಯುತ್ತಾಳೆ. ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ಇದನ್ನು ಹೇಳದವರು ಕಡಿಮೆ. ಧರ್ಮವೇ ಕೊಟ್ಟ ರಿಯಾಯಿತಿಯನ್ನು ಕದ್ದು ಅನುಭವಿಸುವ ಅಭ್ಯಾಸ ಮನೆಯಲ್ಲೇ ಆಗಿದೆ. ಹೊರಗಡೆ ಅವಳು ಅದೇ ಅಭ್ಯಾಸವನ್ನು ತಿರುಗಿಸಿ ಹಾಕಿದ್ದಾಳೆ. ಮನೆಯಲ್ಲಿ ಉಪವಾಸ ಇಲ್ಲದಿದ್ದರೂ ಇದೆ ಅನ್ನಬೇಕು, ಕಾಲೇಜಿನಲ್ಲಿ ಇದ್ದರೂ ಇಲ್ಲ ಅನ್ನಬೇಕು. ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ನಮಗೂ ನಮ್ಮ ಅಮ್ಮಂದಿರು ಹೀಗೇ ಕಲಿಸಿದ್ದು. ಆದರೆ ಎಲ್ಲಾದರೂ ಒಂದು ಕಡೆ ಶುರು ಮಾಡಬೇಕಲ್ಲ. ಮುಂದಿನ ರಮಝಾನ್‌ನಲ್ಲಿ ಆ ದಿನಗಳಲ್ಲಿ ಅವಳಿಗೆ ಬೆಳಿಗ್ಗೆ ಎಲ್ಲರ ಎದುರು ಚಹಾ ಕೊಟ್ಟುಬಿಡಿ. ಗಂಡಸರು ಒಂದು ದಿನ ಮುಜುಗರಪಡುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಮನೆಯಲ್ಲಿ ನಿಜ ಹೇಳಬಹುದು ಅಂತ ಅವಳಿಗೆ ನೂರು ಉಪದೇಶಕ್ಕಿಂತ ಜಾಸ್ತಿ ಅದು ತಿಳಿಸುತ್ತದೆ.

ಸ್ಕಾರ್ಫ್ ವಿಷಯಕ್ಕೆ ಬರೋಣ. ಅದನ್ನು ಅವಳು ಬರೀ ಬಟ್ಟೆಯಾಗಿ ನೋಡಲು ಸಾಧ್ಯವೇ ಇಲ್ಲದ ಕಾಲದಲ್ಲಿ ಬೆಳೆದಿದ್ದಾಳೆ. 2022ರಲ್ಲಿ ಉಡುಪಿ, ಕುಂದಾಪುರದ ಕಾಲೇಜುಗಳ ಗೇಟಿನಲ್ಲಿ ಹುಡುಗಿಯರನ್ನು ತಡೆದು ನಿಲ್ಲಿಸಿದ ವಿಡಿಯೋಗಳು ಮುಂಬೈಯ ಮನೆಮನೆಯ ಫೋನಿಗೂ ಬಂದವು. ಆಗ ಇವಳಿನ್ನೂ ಚಿಕ್ಕವಳು. ಅದು ಅವಳಿಗೆ ದೂರದ ಸುದ್ದಿ ಅಲ್ಲ, ಅವಳ ಅಜ್ಜಿಮನೆಯ ಕಡೆಯ ಸುದ್ದಿ. ಆ ವರ್ಷ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. 2024ರಲ್ಲಿ ನಮ್ಮ ಮುಂಬೈಯಲ್ಲೇ, ಚೆಂಬೂರಿನ ಕಾಲೇಜೊಂದು ಹಿಜಾಬ್, ನಿಕಾಬ್, ಬುರ್ಖಾ, ಟೋಪಿ ಬೇಡ ಅಂತ ನಿಯಮ ತಂದಿತು. ವಿದ್ಯಾರ್ಥಿನಿಯರು ಬಾಂಬೆ ಹೈಕೋರ್ಟಿಗೆ ಹೋದರು, ಜೂನ್‌ನಲ್ಲಿ ಅರ್ಜಿ ವಜಾ ಆಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಿಜಾಬ್ ಮತ್ತು ಟೋಪಿಯ ನಿಷೇಧಕ್ಕೆ ಮಧ್ಯಂತರ ತಡೆ ಕೊಟ್ಟಿತು. ತಿಲಕ, ಬಿಂದಿಯನ್ನೂ ನಿಷೇಧಿಸುತ್ತೀರಾ ಅಂತ ಕಾಲೇಜನ್ನು ಕೇಳಿತು. ತರಗತಿಯ ಒಳಗೆ ಬುರ್ಖಾ ಬೇಡ ಅಂತಲೂ ಹೇಳಿತು. ದೊಡ್ಡ ದೊಡ್ಡ ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರದ ವಿಷಯವನ್ನು ನಾವು ದಿನಾ ಬೆಳಿಗ್ಗೆ ಒಂದು ಹುಡುಗಿಯ ತಲೆಗೆ ಸುತ್ತಿ ಕಳಿಸುತ್ತಿದ್ದೇವೆ. ಅವಳೊಬ್ಬಳೇ ಅದನ್ನು ಹೊತ್ತುಕೊಂಡು ಹೋಗಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅವಳಿಗೆ ಸ್ಕಾರ್ಫ್ ಬೇಕೋ ಬೇಡವೋ ಅಂತ ಇದುವರೆಗೆ ಯಾರಾದರೂ ಕೇಳಿದ್ದಾರಾ? ಕೇಳಿ. ಬೇಕು, ಆದರೆ ಕಾಲೇಜಿನಲ್ಲಿ ಭಯ ಆಗುತ್ತದೆ ಅಂದರೆ ನೀವು ಅವಳ ಬೆನ್ನಿಗೆ ನಿಲ್ಲಬೇಕು, ಕಾಲೇಜಿನ ನಿಯಮ ಏನಿದೆ ಅಂತ ನೀವೇ ಹೋಗಿ ತಿಳಿದುಕೊಳ್ಳಬೇಕು. ಸದ್ಯಕ್ಕೆ ಬೇಡ ಅಂದರೆ ಮನೆಯಿಂದಲೇ ಇಲ್ಲದೆ ಹೋಗಲಿ. ನಿಮಗೆ ಇದು ಬಹಳ ಕಷ್ಟ ಅಂತ ಗೊತ್ತು. ನೀವು ಇದನ್ನು ಧರ್ಮದ ಕರ್ತವ್ಯ ಅಂತ ನಂಬಿದ್ದೀರಿ, ಆ ನಂಬಿಕೆಯನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಅವಳಿಗೆ ಹೇಳಿ, ಯಾಕೆ ನಂಬುತ್ತೀರಿ ಅಂತಲೂ ಹೇಳಿ. ಆದರೆ ಬೋರಿವಲಿಯಲ್ಲಿ ಕಳಚುವ ಸ್ಕಾರ್ಫ್‌ನಿಂದ ಅಲ್ಲಾಹನಿಗೂ ಏನೂ ಸಲ್ಲುವುದಿಲ್ಲ, ನಿಮಗೂ ಏನೂ ಸಿಗುವುದಿಲ್ಲ.

ಇದರಲ್ಲಿ ಒಂದು ಅಪಾಯವೂ ಇದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ನಾಳೆ ರೈಲಿನಲ್ಲೋ ಸ್ಟೇಷನ್ ಹೊರಗೋ ಯಾರೋ ಅವಳನ್ನು ಪೀಡಿಸಿದರು ಅಂತ ಇಟ್ಟುಕೊಳ್ಳಿ. ಅವಳು ಮನೆಗೆ ಬಂದು ಹೇಳುತ್ತಾಳಾ? ಹೇಳಲು ಹೊರಟರೆ ‘ಆಗ ಸ್ಕಾರ್ಫ್ ಇರಲಿಲ್ಲ’ ಅನ್ನುವುದೂ ಹೊರಬರುತ್ತದೆ. ಹಾಗಾಗಿ ಹೇಳುವುದಿಲ್ಲ. ಯಾರೋ ಒಬ್ಬ ಅವಳ ಫೋಟೋ ತೆಗೆದು ‘ಮನೆಗೆ ಕಳಿಸುತ್ತೇನೆ’ ಅಂತ ಹೆದರಿಸಿದರೂ ಹೇಳುವುದಿಲ್ಲ. ಇಂಥ ಹೆದರಿಕೆಗೆ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಒಬ್ಬರೇ ಒದ್ದಾಡಿದ ಹುಡುಗಿಯರು ನನ್ನ ಹತ್ತಿರ ಬಂದಿದ್ದಾರೆ. ಅವರನ್ನು ಸಿಕ್ಕಿಸಿದ್ದು ಆ ಫೋಟೋ ಅಲ್ಲ, ಮನೆಯವರಿಗೆ ಗೊತ್ತಾದೀತು ಅನ್ನುವ ಭಯ. ಅವಳ ಗುಟ್ಟು ನಿಮಗೆ ಗೊತ್ತಿದ್ದು, ಗೊತ್ತಿದ್ದೂ ನೀವು ಅವಳ ಕಡೆಗೇ ಇದ್ದೀರಿ ಅಂದರೆ ಅವಳನ್ನು ಹೆದರಿಸಲು ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ.

‘ಅಲ್ಲಾಹ್ ಇದ್ದಾನೆ ಅಂತ ಹೇಗೆ ಗೊತ್ತು’ ಅನ್ನುವ ಪ್ರಶ್ನೆ ನಿಮ್ಮನ್ನು ಅಷ್ಟೊಂದು ಅಲುಗಾಡಿಸಿದೆ. ನನಗೆ ಅದನ್ನು ಓದಿ ಸಮಾಧಾನ ಆಯಿತು. ಯಾಕೆ ಅಂದರೆ ಅವಳು ಕೇಳಿದ್ದು ನಿಮ್ಮನ್ನು. ಫೋನನ್ನು ಕೇಳಲಿಲ್ಲ. ಈ ವಯಸ್ಸಿನ ಮಕ್ಕಳು ಅಪ್ಪ ಅಮ್ಮ ಕೊಟ್ಟದ್ದನ್ನೆಲ್ಲ ಒಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಜೇಮ್ಸ್ ಮಾರ್ಸಿಯಾ ಅನ್ನುವ ಮನಶ್ಶಾಸ್ತ್ರಜ್ಞ 1966ರಲ್ಲೇ ಇದರ ಬಗ್ಗೆ ಬರೆದರು. ಹುಡುಕಾಟ ಮಾಡಿ ತಮ್ಮದು ಅಂತ ಒಪ್ಪಿಕೊಂಡವರು ಒಂದು ಬಗೆ, ಹುಡುಕಾಟವೇ ಇಲ್ಲದೆ ದೊಡ್ಡವರು ಕೊಟ್ಟದ್ದನ್ನು ಹಾಗೇ ಹೊತ್ತುಕೊಂಡವರು ಇನ್ನೊಂದು ಬಗೆ ಅಂತ ಬೇರೆ ಮಾಡಿ ತೋರಿಸಿದರು. ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ, ಇಬ್ಬರೂ ಐದು ಹೊತ್ತು ನಮಾಝ್ ಮಾಡುತ್ತಿರಬಹುದು. ಆದರೆ ಹುಡುಕಿದವರಿಗೆ ಅದು ತಮ್ಮದೇ ಆಗಿರುತ್ತದೆ. ನಿಮ್ಮ ಮಗಳು ಹುಡುಕುತ್ತಿದ್ದಾಳೆ.

ಅವಳಿಗೆ ಏನು ಹೇಳಬೇಕು? ಇಬ್ರಾಹೀಮ್ ನಬಿಯ ಕಥೆ ನಿಮಗೆ ಚಿಕ್ಕಂದಿನಿಂದ ಗೊತ್ತಿದೆ. ಸತ್ತವರಿಗೆ ಹೇಗೆ ಜೀವ ಕೊಡುತ್ತೀಯ, ತೋರಿಸು ಅಂತ ಅವರು ಅಲ್ಲಾಹನನ್ನೇ ಕೇಳಿದ್ದು ಸೂರಾ ಬಕರಾದ 260ನೇ ವಚನದಲ್ಲಿ ಬರುತ್ತದೆ. ನಿನಗೆ ನಂಬಿಕೆ ಇಲ್ಲವೇ ಅಂತ ಕೇಳಿದಾಗ, ಇದೆ, ಆದರೆ ನನ್ನ ಮನಸ್ಸಿಗೆ ಸಮಾಧಾನ ಆಗಬೇಕು ಅನ್ನುತ್ತಾರೆ. ಆ ಪ್ರಶ್ನೆಗೆ ಶಿಕ್ಷೆ ಆಗಲಿಲ್ಲ, ಉತ್ತರ ಸಿಕ್ಕಿತು. ಪ್ರವಾದಿಯೊಬ್ಬರು ಕೇಳಬಹುದಾದದ್ದನ್ನು ಹದಿನಾರು ವರ್ಷದ ಹುಡುಗಿ ಕೇಳಬಾರದಾ? ಇದನ್ನು ಅವಳಿಗೆ ಹೇಳಿ. ಆಮೇಲೆ ನಿಮಗೆ ನಿಜವಾಗಿ ಏನು ಅನಿಸುತ್ತದೋ ಅದನ್ನೂ ಹೇಳಿ. ನಿಮ್ಮ ಕಷ್ಟದ ದಿನಗಳಲ್ಲಿ ನಮಾಝ್‌ನಿಂದ ನಿಮಗೆ ಏನು ಸಿಕ್ಕಿತು ಅಂತ ನೀವು ಅವಳ ಹತ್ತಿರ ಎಂದಾದರೂ ಮಾತಾಡಿದ್ದೀರಾ? ನಮ್ಮ ಮನೆಗಳಲ್ಲಿ ‘ನಮಾಝ್ ಮಾಡಿದೆಯಾ’ ಅಂತ ದಿನಾ ಕೇಳುತ್ತೇವೆ, ‘ಮಾಡುವಾಗ ನಿನಗೆ ಹೇಗನಿಸುತ್ತದೆ’ ಅಂತ ಒಮ್ಮೆಯೂ ಕೇಳುವುದಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಅದರಿಂದ ನಿಮ್ಮ ಬೆಲೆ ಕಡಿಮೆ ಆಗುವುದಿಲ್ಲ. ನೀವು ಬಾಯಿ ಮುಚ್ಚಿಸಿದರೆ ಅವಳು ಇನ್‌ಸ್ಟಾಗ್ರಾಮ್‌ಗೆ ಹೋಗುತ್ತಾಳೆ. ಅಲ್ಲಿ ಲಂಡನ್ನಿನಲ್ಲೋ ಅಮೆರಿಕದಲ್ಲೋ ಕೂತವರು ಅರ್ಧ ನಿಮಿಷದಲ್ಲಿ ಹಲಾಲ್ ಹರಾಮ್ ತೀರ್ಮಾನ ಕೊಡುತ್ತಾರೆ. ಇನ್ನೊಂದು ರೀಲ್‌ನಲ್ಲಿ ಯಾರೋ ಇಡೀ ಧರ್ಮವನ್ನೇ ಬೈಯುತ್ತಿರುತ್ತಾರೆ. ಫ್ರಾನ್ಸ್‌ನಲ್ಲಿ 2004ರ ಕಾನೂನು ಸರ್ಕಾರಿ ಶಾಲೆಯೊಳಗೆ ಎದ್ದು ಕಾಣುವ ಧಾರ್ಮಿಕ ಗುರುತನ್ನೇ ಬೇಡ ಅನ್ನುತ್ತದೆ. ನಮ್ಮ ಸಂವಿಧಾನದ 25ನೇ ವಿಧಿ ನಂಬಿದ ಧರ್ಮವನ್ನು ಆಚರಿಸುವ ಹಕ್ಕನ್ನೇ ಕೊಡುತ್ತದೆ. ಅಲ್ಲಿಯ ಜಗಳ ಬೇರೆ, ಇಲ್ಲಿಯ ಬದುಕು ಬೇರೆ. ಫೋನಿನಲ್ಲಿ ಎರಡೂ ಕಲಸಿಹೋಗಿ ಮಕ್ಕಳ ತಲೆಗೆ ಬರುತ್ತದೆ.

ಒಳಗಿದ್ದುಕೊಂಡೇ ಪ್ರಶ್ನೆ ಕೇಳಿದ ಹೆಂಗಸರು ಇದೇ ಊರಿನಲ್ಲಿದ್ದಾರೆ ಅಂತಲೂ ಅವಳಿಗೆ ತಿಳಿಯಲಿ. ಹಾಜಿ ಅಲಿ ದರ್ಗಾದ ಒಳಗಿನ ಗೋರಿಯ ತನಕ ಹೆಂಗಸರು ಹೋಗಬಾರದು ಅಂತ ತಡೆದಾಗ, ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದ ಹೆಂಗಸರು ಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, ಆ ವರ್ಷವೇ ಅವರು ಒಳಗೆ ಹೋಗಿ ಪ್ರಾರ್ಥಿಸಿದರು. ದರ್ಗಾಕ್ಕೆ ಹೋಗುವುದು ಸರಿಯೋ ತಪ್ಪೋ ಅಂತ ನಿಮ್ಮ ಮನೆಯಲ್ಲಿ ಬೇರೆ ಅಭಿಪ್ರಾಯ ಇರಬಹುದು, ಅದು ಇಲ್ಲಿಯ ಮಾತಲ್ಲ. ಅವರು ಧರ್ಮ ಬಿಟ್ಟು ಕೇಳಲಿಲ್ಲ, ಧರ್ಮ ತಮ್ಮದೂ ಹೌದು ಅಂತಲೇ ಕೇಳಿದರು.

ಇನ್ನು ಕ್ಲಾಸಿನ ಪ್ರಶ್ನೆಗಳು. ಎಲ್ಲ ಮುಸ್ಲಿಮರ ಪರ ಉತ್ತರ ಕೊಡುವ ಕೆಲಸ ಅವಳದಲ್ಲ ಅಂತ ಅವಳಿಗೆ ಬಾಯಿಬಿಟ್ಟು ಹೇಳಬೇಕು. ಹೇಳಲು ನಿಮ್ಮ ಬಿಲ್ಡಿಂಗೇ ಸಾಕು. ನಾವು ಕರಾವಳಿಯವರು ಶಾಫಿ ಪಂಥದವರು. ಒಂದು ವಸ್ತುವಿನ ನೆರಳು ಅದರಷ್ಟೇ ಉದ್ದ ಆದಾಗ ನಮಗೆ ಅಸ್ರ್, ಅಂದರೆ ಸಂಜೆಗೆ ಮುಂಚಿನ ನಮಾಝಿನ ಹೊತ್ತು ಶುರು. ಉತ್ತರ ಪ್ರದೇಶದಿಂದ ಬಂದ ನಿಮ್ಮ ನೆರೆಯವರು ಹನಫಿ ಪಂಥದವರು, ಅವರಿಗೆ ನೆರಳು ಎರಡರಷ್ಟು ಆಗಬೇಕು. ಬೆಳಗಿನ ನಮಾಝಿನಲ್ಲಿ ನಾವು ಕುನೂತ್ ಅನ್ನುವ ಪ್ರಾರ್ಥನೆ ಓದುತ್ತೇವೆ, ಅವರು ಓದುವುದಿಲ್ಲ. ಕೊಂಕಣಿ ಮುಸ್ಲಿಮರು ನಮ್ಮ ಹಾಗೆ ಶಾಫಿಗಳು, ಆದರೆ ಭಾಷೆ ಊಟ ಎಲ್ಲ ಬೇರೆ. ಶಿಯಾ ಪಂಥದ ಬೋಹ್ರಾಗಳ ಕ್ಯಾಲೆಂಡರೇ ಬೇರೆ, ಅವರ ಈದ್ ಎಷ್ಟೋ ಸಲ ನಮ್ಮದಕ್ಕಿಂತ ಮೊದಲೇ ಬರುತ್ತದೆ. ಒಂದೇ ರಸ್ತೆಯಲ್ಲಿ ಹೀಗಿರುವಾಗ ‘ನಿಮ್ಮಲ್ಲಿ ಹೀಗ್ಯಾಕೆ’ ಅನ್ನುವುದಕ್ಕೆ ಒಬ್ಬಳು ಹುಡುಗಿ ಎಲ್ಲಿಂದ ಉತ್ತರ ತರಬೇಕು? ‘ನನ್ನ ಮನೆಯಲ್ಲಿ ಹೀಗೆ ಮಾಡುತ್ತೇವೆ, ಉಳಿದದ್ದು ನನಗೆ ಗೊತ್ತಿಲ್ಲ’ ಅಂದರೆ ಮುಗಿಯಿತು. ಅದು ಪೂರ್ತಿ ಉತ್ತರ. ಆಮೇಲೆ ಅವಳು ಪರೀಕ್ಷೆ, ಹುಡುಗರು, ಕ್ಯಾಂಟೀನಿನ ದೋಸೆ ಬಗ್ಗೆ ಮಾತಾಡಲಿ.

ಮ್ಯಾಚಿನ ಮಾತು ಹಾಗಲ್ಲ. ಅದು ಪ್ರಶ್ನೆ ಅಲ್ಲ, ಚುಚ್ಚು. ಅವಳು ನಕ್ಕದ್ದಕ್ಕೆ ನಿಮಗೆ ಬೇಸರ ಆಗಿದೆ. ದಯವಿಟ್ಟು ಆ ನಗುವಿಗೆ ಅವಳನ್ನು ಬೈಯಬೇಡಿ. ಗುಂಪಿನ ನಡುವೆ ಚುಚ್ಚಿಸಿಕೊಂಡ ಮಗು ನಗದಿದ್ದರೆ ಇನ್ನಷ್ಟು ಒಂಟಿ ಆಗುತ್ತದೆ, ಆ ಲೆಕ್ಕ ಅವಳ ಮನಸ್ಸು ಅರೆಕ್ಷಣದಲ್ಲಿ ಹಾಕಿದೆ. ಆ ನಗು ಅವಳಿಗೆ ರಾತ್ರಿ ಮಲಗಿದಾಗ ನೋವಾಗಿ ವಾಪಸ್ ಬಂದಿರುತ್ತದೆ. ‘ಅವನು ಹಾಗೆ ಅಂದಾಗ ನಿನಗೆ ಹೇಗಾಯ್ತು?’ ಅಂತ ಕೇಳಿ, ಸಲಹೆ ಕೊಡದೆ ಸುಮ್ನೆ ಕೇಳಿಸಿಕೊಳ್ಳಿ. ‘ಏ, ಈ ಮಾತು ನನಗೆ ಇಷ್ಟ ಆಗಲಿಲ್ಲ’ ಅಂತ ಒಂದೇ ವಾಕ್ಯ ಹೇಳಿ ಬೇರೆ ಮಾತಿಗೆ ಹೋಗುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಬಹುದು, ಅನೇಕ ಮಕ್ಕಳಿಗೆ ಇದು ಕೆಲಸಕ್ಕೆ ಬಂದಿದೆ. ಒಬ್ಬಳೇ ಒಬ್ಬಳು ಗೆಳತಿ ಅವಳ ಪರ ಬಾಯಿ ಹಾಕುವವಳಿದ್ದರೆ ಅರ್ಧ ಕಷ್ಟ ಇಳಿಯುತ್ತದೆ. ಅಂಥವಳು ಯಾರು ಅಂತ ಕೇಳಿ ತಿಳಿದುಕೊಳ್ಳಿ, ಮನೆಗೆ ಕರೆಯಿರಿ, ಪೆರ್ನಾಲಿಗೆ (ಈದ್‌ಗೆ) ಕರೆಯಿರಿ. ಆದರೆ ಚುಚ್ಚು ಮತ್ತೆ ಮತ್ತೆ ಬಂದರೆ, ಶಿಕ್ಷಕರ ಬಾಯಿಂದ ಬಂದರೆ, ಅಥವಾ ಹೆದರಿಕೆಯ ಮಾತಾದರೆ ಅದನ್ನು ಎದುರಿಸುವುದು ಮಗುವಿನ ಕೆಲಸ ಅಲ್ಲ. ಆಗ ನೀವಿಬ್ಬರೂ ಪ್ರಿನ್ಸಿಪಾಲರ ಹತ್ತಿರ ಹೋಗಿ. ಯಾವ ದಿನ, ಯಾರು, ಏನು ಅಂದರು ಅಂತ ಬರೆದುಕೊಂಡು ಹೋಗಿ, ದೂರನ್ನು ಬರಹದಲ್ಲೇ ಕೊಡಿ.

ಉಪವಾಸದ ವಿಷಯದಲ್ಲಿ ಒಂದು ಸಣ್ಣ ದಾರಿ ಇದೆ. ಇಡೀ ಕ್ಲಾಸಿಗೆ ಹೇಳುವುದು ಬೇಡ. ಒಬ್ಬಳಿಗೆ ಹೇಳಲಿ. ರಮಝಾನ್ ಸಂಜೆ ಆರೂ ಮುಕ್ಕಾಲರ ಸುಮಾರಿಗೆ ವಿರಾರ್ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ನಿಂತು ನೋಡಿದ್ದೀರಾ? ಹೊರಗೆ ಅಝಾನ್ ಕೇಳುವುದಿಲ್ಲ, ಫೋನಿನಲ್ಲಿ ಹೊತ್ತು ನೋಡಿಕೊಳ್ಳಬೇಕು. ಯಾರೋ ಬ್ಯಾಗಿನಿಂದ ಖರ್ಜೂರದ ಡಬ್ಬಿ ತೆಗೆಯುತ್ತಾರೆ, ಅದು ಕೈಯಿಂದ ಕೈಗೆ ಹೋಗುತ್ತದೆ. ಸೀಟು ಸಿಕ್ಕ ಗುಜರಾತಿ ಹೆಂಗಸು ಎದ್ದು ‘ಬೈಠೋ ಬೇಟಾ, ಪಹಲೇ ಪಾನಿ ಪೀಲೋ’ ಅನ್ನುತ್ತಾಳೆ. ಮೀನಿನ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. ನೋಂಬು (ಉಪವಾಸ) ಬಿಡುವವರು ಯಾರು, ಸುಮ್ನೆ ಖರ್ಜೂರ ತಿನ್ನುವವರು ಯಾರು ಅಂತ ಗೊತ್ತೇ ಆಗುವುದಿಲ್ಲ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲ ಮನಸ್ಸು ತುಂಬಿ ಬರುತ್ತದೆ. ಕ್ಲಾಸಿನಲ್ಲಿ ಸಿಗದ ಧೈರ್ಯ ಈ ಡಬ್ಬಾದಲ್ಲಿ ಸಿಗಬಹುದು. ಒಂದು ದಿನ ಅವಳ ಬ್ಯಾಗಿಗೆ ಜಾಸ್ತಿ ಖರ್ಜೂರ ಹಾಕಿ, ‘ಜೊತೆಗಿರುವವಳಿಗೂ ಕೊಡು’ ಅನ್ನಿ. ಈಗೀಗ ರಮಝಾನ್ ಪರೀಕ್ಷೆಯ ತಿಂಗಳುಗಳಲ್ಲೇ ಬರುತ್ತಿದೆ, ಚಾಂದ್ರ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಕೆಲವೇ ವರ್ಷಗಳಲ್ಲಿ ಪರೀಕ್ಷೆಗಿಂತ ಮೊದಲೇ ಬಂದುಹೋಗುತ್ತದೆ. ಅಲ್ಲಿಯ ತನಕ ಬೋರ್ಡ್ ಪರೀಕ್ಷೆಯ ದಿನ ಏನು ಮಾಡಬಹುದು ಅಂತ ಮಸೀದಿಯ ಉಸ್ತಾದರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಅವಳನ್ನೂ ಜೊತೆಗೆ ಕೂರಿಸಿಕೊಂಡು. ಹುಷಾರಿಲ್ಲದವರು ಉಪವಾಸ ಆಮೇಲೆ ಹಿಡಿದು ತೀರಿಸಬಹುದು ಅಂತ ಕುರ್‌ಆನೇ ಹೇಳುತ್ತದೆ, ತಲೆಸುತ್ತು ಬಂದರೆ ಹಟ ಬೇಡ.

ಊರಲ್ಲೇ ಬೆಳೆಸಿದ್ದರೆ ಅನ್ನುವ ಕೊರಗು ಬಿಟ್ಟುಬಿಡಿ. ಗೇಟಿನಲ್ಲಿ ಹುಡುಗಿಯರನ್ನು ತಡೆದದ್ದು ಊರಿನ ಕಡೆಯೇ ಅಲ್ವಾ? ಮುಂಬೈ ನಮಗೆ ಪರಸ್ಥಳವೂ ಅಲ್ಲ. ಮಾಹಿಮ್‌ನಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿ ನಮ್ಮ ಕರಾವಳಿಯ ಭಟ್ಕಳದಲ್ಲೂ ಇರುವ ನವಾಯತ ಸಮುದಾಯದವರು, ಕುರ್‌ಆನ್‌ಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದ ವಿದ್ವಾಂಸರು, ತೀರಿಕೊಂಡದ್ದು 1431ರಲ್ಲಿ. ಇವತ್ತಿಗೂ ಅವರ ಉರೂಸಿನಲ್ಲಿ ಮೊದಲ ಚಾದರ್ ಮುಂಬೈ ಪೊಲೀಸರದು. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. 13 ದೇಶಗಳಲ್ಲಿ 13ರಿಂದ 18 ವರ್ಷದ, ಐದು ಸಾವಿರಕ್ಕೂ ಹೆಚ್ಚು ವಲಸಿಗ ಮಕ್ಕಳನ್ನು ನೋಡಿ ಮಾಡಿದ್ದು. ಮನೆಯದ್ದನ್ನೂ ಹೊರಗಿನದ್ದನ್ನೂ ಎರಡನ್ನೂ ತಮ್ಮದು ಅಂದುಕೊಂಡ ಮಕ್ಕಳೇ ಎಲ್ಲರಿಗಿಂತ ಚೆನ್ನಾಗಿದ್ದರು. ನಮ್ಮ ಮಕ್ಕಳು ವಲಸಿಗರಲ್ಲ, ಈ ನೆಲದವರು. ಹಾಗಿದ್ದೂ ನನ್ನ ಅನುಭವ ಇದೇ ಹೇಳುತ್ತದೆ. ಕಾಲೇಜು ಬಿಡಿಸಬೇಡಿ ಅಂದದ್ದಕ್ಕೆ ಕಾರಣ ಇದು. ಬಿಡಿಸಿದರೆ ‘ನಿನ್ನಿಂದ ಎರಡನ್ನೂ ನಿಭಾಯಿಸಲು ಆಗುವುದಿಲ್ಲ’ ಅಂತ ಅವಳಿಗೆ ನೀವೇ ಹೇಳಿದ ಹಾಗೆ ಆಗುತ್ತದೆ. ಅವಳು ನಿಭಾಯಿಸುತ್ತಿದ್ದಾಳೆ, ಒಬ್ಬಳೇ ಮಾಡುತ್ತಿರುವುದೇ ತೊಂದರೆ.

ನಿಮ್ಮ ಗಂಡನ ಸಿಟ್ಟಿನ ಹಿಂದೆ ಇರುವುದು ಭಯ. ಅದು ಸುಳ್ಳು ಭಯ ಅಲ್ಲ. 1992-93ರ ಗಲಭೆಯ ನಂತರ ಎಷ್ಟೋ ಕುಟುಂಬಗಳು ಇದ್ದ ಮನೆ ಬಿಟ್ಟು ಮುಂಬ್ರಾಕ್ಕೆ, ಮೀರಾ ರೋಡಿಗೆ ಬಂದದ್ದು ಅವರಿಗೆ ಗೊತ್ತು. 2024ರ ಜನವರಿಯಲ್ಲಿ ನಿಮ್ಮ ಮೀರಾ ರೋಡಿನ ನಯಾನಗರದಲ್ಲೇ ಗಲಾಟೆ ಆಗಿ ಬುಲ್ಡೋಜರ್ ಬಂದದ್ದನ್ನು ಅವರು ಕಣ್ಣಾರೆ ಕಂಡಿರಬಹುದು. ಮಗಳನ್ನು ಕಣ್ಣೆದುರು ಇಟ್ಟುಕೊಳ್ಳಬೇಕು ಅಂತ ಅನಿಸುವುದು ಸಹಜ. ಆ ಭಯವನ್ನು ಅವರು ಭಯ ಅಂತಲೇ ಮಗಳಿಗೆ ಹೇಳಲಿ. ‘ನನಗೆ ಹೆದರಿಕೆ ಆಗುತ್ತದೆ ಮಗಳೇ’ ಅಂದರೆ ಅವಳು ಕೂತು ಕೇಳುತ್ತಾಳೆ. ‘ಕಾಲೇಜು ಬಿಡಿಸುತ್ತೇನೆ’ ಅಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಮಗಳ ಜೊತೆ ಮೊದಲ ಮಾತು ಊಟದ ಮೇಜಿನಲ್ಲಿ ಎಲ್ಲರ ನಡುವೆ ಬೇಡ. ಇಬ್ಬರೇ ಇದ್ದಾಗ, ಬಟ್ಟೆ ಮಡಿಸುತ್ತಲೋ ಮೀನು ಹೆಚ್ಚುತ್ತಲೋ, ನಿಮ್ಮ ಬ್ಯಾರಿ ಭಾಷೆಯಲ್ಲೇ ಮಾತಾಡಿ. ‘ಕಾಲೇಜಿನಲ್ಲಿ ಸ್ಕಾರ್ಫ್ ಕಷ್ಟ ಆಗುತ್ತಾ?’ ಅಂತ ಶುರು ಮಾಡಿ. ಹೌದು ಅಂದರೆ ತಕ್ಷಣ ಏನೂ ಹೇಳಬೇಡಿ, ‘ಹ್ಞೂಂ, ಹೇಳು’ ಅನ್ನಿ. ಇಲ್ಲ ಅಂದರೆ ಒತ್ತಾಯ ಮಾಡಬೇಡಿ. ಒಂದೆರಡು ವಾರ ಬಿಟ್ಟು ಮತ್ತೆ ಕೇಳಿ. ನಾದಿನಿಗೆ ‘ನನಗೆ ಗೊತ್ತು, ನಾನು ನೋಡಿಕೊಳ್ಳುತ್ತೇನೆ’ ಅಂತ ನೀವೇ ಹೇಳಿ ಆ ಬಾಯಿಯನ್ನು ಅಲ್ಲಿಗೇ ನಿಲ್ಲಿಸಿ.

ಅವಳು ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಗೆಳತಿಯರ ಫೋನ್ ಎತ್ತುವುದನ್ನೇ ನಿಲ್ಲಿಸಿದರೆ, ಸತ್ತರೆ ಒಳ್ಳೆಯದು ಅನ್ನುವಂಥ ಮಾತಾಡಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ನಿದ್ದೆಗೂ ಅದೇ ನಂಬರ್ ಆಗುತ್ತದೆ. ಅವಳಿಗೆ ಯಾರಾದರೂ ಆಪ್ತಸಮಾಲೋಚಕರ ಹತ್ತಿರ ಮಾತಾಡಬೇಕು ಅನಿಸಿದರೆ ಕರೆದುಕೊಂಡು ಹೋಗಿ, ನೀವು ಹೊರಗೆ ಕೂತಿರಿ, ಒಳಗೆ ಏನು ಹೇಳಿದೆ ಅಂತ ವಾಪಸ್ ಬರುವಾಗ ಕೇಳಬೇಡಿ.